ದೆವ್ವ ಬಂತು, ಎಲ್ಲರೂ ಲಿಂಬೆಹಣ್ಣು ಹುಡುಕಿದರು: ಹುಬ್ಬಳ್ಳಿಯಲ್ಲಿ ಹಾರರ್ ಆಟ ನಡೆಸೋದು ಹೇಗೆ?

ಉಣಕಲ್ ದಾಳ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಚಹಾ ಹಿಡಕೊಂಡು ಓದಿ.

ನಾವು ಐದಾರು ಜನ ಶನಿವಾರಕ್ಕೊಮ್ಮೆ ವಿದ್ಯಾನಗರದ ನನ್ನ ರೂಮಿನಲ್ಲಿ ಸೇರಿ ಪಾತ್ರದ ಆಟ ಆಡುತ್ತೇವೆ. ಒಬ್ಬರು ಕಥೆ ನಡೆಸೋದು, ಉಳಿದವರು ಒಂದೊಂದು ಪಾತ್ರವಾಗಿ ಏನು ಮಾಡುತ್ತೇವೆ ಅಂತ ಹೇಳೋದು. ಒಂದು ವರ್ಷ ಕತ್ತಿ, ಡ್ರ್ಯಾಗನ್, ನಿಧಿ ಅಂತ ಆಡಿ ಆಡಿ ಸಾಕಾಗಿತ್ತು. ಅದಕ್ಕೇ ಈ ಸಲ ಕಾಲ್ ಆಫ್ ಕ್ತುಲ್ಹು ತೆಗೆದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇದು 1981ರಲ್ಲಿ ಕೇಯಾಸಿಯಂ ಕಂಪನಿ ತಂದ ಆಟ, ರೂಪಿಸಿದವರು ಸ್ಯಾಂಡಿ ಪೀಟರ್ಸನ್. ಇದರಲ್ಲಿ ನೀವು ಶೂರರಲ್ಲ. ಪ್ರೊಫೆಸರ್, ಪತ್ರಕರ್ತ, ಡಾಕ್ಟರ್, ಹೀಗೆ ಸಾದಾ ಜನ. ಹತ್ತು ಮುಖದ ಎರಡು ದಾಳ ಹಾಕಿ 1ರಿಂದ 100ರೊಳಗೆ ಒಂದು ಅಂಕಿ ತೆಗೆಯಬೇಕು. ನಿಮ್ಮ ಪಾತ್ರದ ಹಾಳೆಯಲ್ಲಿ ಆ ಕೆಲಸಕ್ಕೆ ಇರುವ ಅಂಕಿಯಷ್ಟೇ ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಕೆಲಸ ಆಯಿತು. ಜೊತೆಗೆ ಸ್ಯಾನಿಟಿ, ಅಂದರೆ ಮನಸ್ಸಿನ ಸ್ಥಿಮಿತ, ಅಂತ ಒಂದು ಲೆಕ್ಕ. ಕಾಣಬಾರದ್ದನ್ನು ಕಂಡಾಗಲೆಲ್ಲ ಅದು ಇಳಿಯುತ್ತ ಹೋಗುತ್ತದೆ.

ಪುಸ್ತಕದ ಕಥೆಗಳು ಹೆಚ್ಚಾಗಿ 1920ರ ದಶಕದ ಅಮೆರಿಕದ್ದು. ನಾನು ಕಾಲ ಅದೇ ಇಟ್ಟು ಊರು ಬದಲಿಸಿದೆ. 1924ರ ಡಿಸೆಂಬರ್. ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಅಧಿವೇಶನಕ್ಕೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೊರಟ ಐದು ಮಂದಿ. ಅಳ್ನಾವರ ದಾಟಿದ ಮೇಲೆ ಕಾಡಿನ ನಡುವೆ ರೈಲು ನಿಲ್ಲುತ್ತದೆ. ಹತ್ತಿರದಲ್ಲಿ ಒಂದು ಪಾಳು ಬಂಗಲೆ.

ಎಂಟು ದಿನ ಕೂತು ಬರೆದಿದ್ದೆ. ಬಂಗಲೆಯ ಕದ ತೆರೆಯಿತು. ಮೆಟ್ಟಿಲ ಮೇಲೆ ಒದ್ದೆ ಕಾಲಿನ ಗುರುತು. ಹತ್ತಿ ಹೋದವು ಮಾತ್ರ ಇದ್ದವು, ಇಳಿದು ಬಂದವು ಇರಲಿಲ್ಲ. ದನಿ ಇಳಿಸಿ ಹೇಳಿದೆ. ಒಂದು ಕ್ಷಣ ಎಲ್ಲರೂ ಸುಮ್ಮನೆ. ಆಮೇಲೆ ಡಾಕ್ಟರ್ ಪಾತ್ರದವನು, "ಲೇ, ಯಾರ ಹತ್ರಾನರ ಲಿಂಬಿಹಣ್ಣ ಅದಾವೇನು? ಇಳಿಸಿ ಒಗದ ಒಳಗ ಹೋಗೂಣು" ಅಂದ. ಇನ್ನೊಬ್ಬ, "ಇವತ್ತ ಅಮಾಸಿ ಅಲ್ಲಲ್ಲ? ಮತ್ತ್ಯಾಕ ಚಿಂತಿ?" ಮೂರನೆಯವಳು ತನ್ನ ಅಜ್ಜಿ ಕಂಡ ಕೊಳ್ಳಿದೆವ್ವದ ಕಥೆ ಶುರು ಮಾಡಿದಳು. ಅದು ನನ್ನ ಕಥೆಗಿಂತ ಚಲೋ ಇತ್ತು, ಆ ಮಾತು ಬೇರೆ. ಮುಂದಿನ ಎರಡು ತಾಸು ಬರೀ ನಗೆ. ಗಿರಮಿಟ್ ಖಾಲಿಯಾಯಿತು, ಆಟವೂ ಮುಗಿಯಿತು. ಒಬ್ಬರಿಗಾದರೂ ಎದೆ ಧಸಕ್ಕೆನ್ನಲಿಲ್ಲ.

ತಪ್ಪು ನನ್ನದಾ, ಆಟದ್ದಾ, ಊರಿನದ್ದಾ?

ಚಿಗರಿ ಲಾಸ್ಟ್ ಬಸ್

ಊರಿನದ್ದು. ಯಮ ಬಂದು ಬಾಗಿಲು ಬಡಿದರೂ "ಬರ್ರಿ ಬರ್ರಿ, ಚಾ ಕುಡದ ಹೋಗೂಣು" ಅನ್ನುವ ಜನ ನಾವು.

ಸಾಧನಕೇರಿ ಮಳೆ

ಊರನ್ನು ಬಿಡಿ. ನನ್ನ ಪ್ರಕಾರ ದಾಳದ್ದೇ ತೊಂದರೆ. ದಾಳ ಹಾಕುವುದು ಅರ್ಧ ಸೆಕೆಂಡಿನ ಕೆಲಸ, ಹೆದರೋಕೆ ಟೈಮೇ ಸಿಗುವುದಿಲ್ಲ. 2005ರಲ್ಲಿ ಬಂದ ಡ್ರೆಡ್ ಅನ್ನುವ ಆಟ ನೋಡಿ. ಅದರಲ್ಲಿ ದಾಳವೇ ಇಲ್ಲ. ಮೇಜಿನ ನಡುವೆ ಜೆಂಗಾ ಗೋಪುರ. ಕಷ್ಟದ ಕೆಲಸ ಮಾಡಬೇಕು ಅಂದರೆ ಒಂದು ಕಟ್ಟಿಗೆ ತುಂಡು ಎಳೆದು ಮೇಲಿಡಬೇಕು. ಗೋಪುರ ಯಾರ ಕೈಯಲ್ಲಿ ಬಿತ್ತೋ ಅವರ ಪಾತ್ರ ಕಥೆಯಿಂದ ಹೊರಗೆ. ಅರ್ಧ ತಾಸು ಆದ ಮೇಲೆ ಯಾರೂ ಜೋಕು ಹೊಡೆಯುವುದಿಲ್ಲ, ಉಸಿರು ಬಿಟ್ಟರೆ ಬೀಳುತ್ತದೆ ಅಂತ.

ಒಂದು ಎಚ್ಚರಿಕೆ. ದುಡ್ಡು ಉಳಿಸೋಣ ಅಂತ ನಾನು ನಮ್ಮ ಓಣಿಯ ಬಡಿಗರ ಹತ್ತಿರ 54 ತುಂಡು ಮಾಡಿಸಿದೆ. ಬೇಸಿಗೆಯಲ್ಲಿ ಚಂದ ಆಡಿದವು. ಜುಲೈ ಬಂತು, ಧಾರವಾಡದ ಮಳೆ ಗೊತ್ತಲ್ಲ, ಕಟ್ಟಿಗೆ ಉಬ್ಬಿ ಒಂದಕ್ಕೊಂದು ಕಚ್ಚಿಕೊಂಡು ಕೂತವು. ಒಬ್ಬ ಎದ್ದು ನಿಂತು ಎರಡೂ ಕೈ ಹಾಕಿ ಎಳೆದ. ದೆವ್ವ ನಾಲ್ಕು ತಾಸು ಕಾದು ವಾಪಸ್ ಹೋಯಿತು.

2015ರ ಟೆನ್ ಕ್ಯಾಂಡಲ್ಸ್ ಕೂಡ ಇದೆ. ಹತ್ತು ಮೇಣದಬತ್ತಿ ಹಚ್ಚಿ, ಬೇರೆ ಎಲ್ಲ ಲೈಟು ಆರಿಸಿ ಆಡಬೇಕು. ಬತ್ತಿ ಒಂದೊಂದಾಗಿ ಆರುತ್ತ ಬರುತ್ತವೆ. ಕೊನೆಗೆ ಎಲ್ಲ ಪಾತ್ರಗಳೂ ಸಾಯುತ್ತವೆ, ಅದು ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ. ಮನೆಯಲ್ಲಿ ಹಿರಿಯರು ಇರುವಾಗ ಮಾತ್ರ ಆಡಬೇಡಿ. "ಏನ ನಡಸೀರಿ ಇದು?" ಅಂತ ಕದ ತೆಗೆದರೆ ಉತ್ತರ ಕೊಡೋದು ಕಷ್ಟ.

ರಾಣೆಬೆನ್ನೂರ ಹುಡುಗ

ಹತ್ತು ಮುಖದ ದಾಳ ನಮ್ಮೂರಲ್ಲಿ ಎಲ್ಲಿ ಸಿಗುತ್ತವೆ ಅಣ್ಣಾ? ಕೇಳಿದ ಅಂಗಡಿಯಲ್ಲಿ ಲೂಡೋ ದಾಳ ತೋರಿಸಿದರು. ಮೊಬೈಲ್ ಆ್ಯಪ್ ಸಾಕಾ?

ಸಾಧನಕೇರಿ ಮಳೆ

ಆ್ಯಪ್ ಬೇಡ ತಮ್ಮಾ. ಒಬ್ಬ ಮೊಬೈಲ್ ತೆಗೆದರೆ ಆ ಬೆಳಕಿಗೇ ಕಥೆ ಕೆಡುತ್ತದೆ, ಮೇಲೆ ವಾಟ್ಸಾಪ್ ಬೇರೆ. ಎರಡು ಸ್ಟೀಲ್ ಡಬ್ಬಿ ತಗೊ. ಎರಡರಲ್ಲೂ 0ರಿಂದ 9ರವರೆಗೆ ಬರೆದ ಹತ್ತು ಹತ್ತು ಚೀಟಿ ಹಾಕು. ಒಂದು ಹತ್ತರ ಸ್ಥಾನ, ಇನ್ನೊಂದು ಬಿಡಿ ಸ್ಥಾನ. ಎರಡೂ ಸೊನ್ನೆ ಬಂದರೆ 100. ಪ್ರತಿ ಸಲ ಚೀಟಿ ವಾಪಸ್ ಹಾಕೋದು ಮರೀಬೇಡ. ಕೇಯಾಸಿಯಂನವರ ಕ್ವಿಕ್‌ಸ್ಟಾರ್ಟ್ ಪುಸ್ತಕ ಅವರ ವೆಬ್‌ಸೈಟಿನಲ್ಲೇ ಪುಕ್ಕಟೆ ಇದೆ. ಶುರು ಮಾಡೋಕೆ ಅಷ್ಟು ಸಾಕು.

ಬೆಟಗೇರಿ ಮಗ್ಗ

ಲಿಂಬೆಹಣ್ಣಿನ ಮಾತನ್ನು ಎಲ್ಲರೂ ನಕ್ಕು ಬಿಟ್ಟಿರಿ. ನನಗೆ ಅನಿಸೋದು ಇಡೀ ಉತ್ತರ ಅದರಲ್ಲೇ ಇದೆ.

ಆ ಪುಸ್ತಕದ ಭಯ ಯಾವುದು? ಆಕಾಶದಾಚೆ ಏನೋ ಇದೆ, ಅದಕ್ಕೆ ನಿನ್ನ ಹೆಸರೂ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಇರುವೆ ತುಳಿದ ಹಾಗೆ ತುಳಿದು ಹೋಗುತ್ತದೆ. ನಮ್ಮ ದೆವ್ವ ಹಾಗಲ್ಲ. ಅದಕ್ಕೆ ಹೆಸರಿದೆ, ಓಣಿ ಇದೆ, ಅಡ್ಡಹೆಸರೂ ಇದೆ. ಬಾವಿಗೆ ಬಿದ್ದ ಸೊಸೆ, ಹೊಲದ ಜಗಳದಲ್ಲಿ ಹೋದ ದೊಡ್ಡಪ್ಪ. ಅದಕ್ಕೆ ಏನೋ ಬರಬೇಕಾದ ಬಾಕಿ ಇದೆ, ಅದಕ್ಕೇ ಬಂದಿದೆ. ನಮ್ಮ ಅವ್ವ ಯಾವ ದೆವ್ವದ ಕಥೆ ಹೇಳಿದರೂ ಮೊದಲ ಸಾಲಿನಲ್ಲೇ ಅದು ಯಾರ ಮನೆಯದು ಅಂತ ಹೇಳಿಬಿಡುತ್ತಿದ್ದಳು.

ಬಾಕಿ ಇದೆ ಅಂದ ಮೇಲೆ ತೀರಿಸುವ ದಾರಿಯೂ ಇರುತ್ತದೆ. ಅಂತ್ರ, ತಾಯತ, ಎಡೆ, ಉಡಿ ತುಂಬೋದು, ಲಿಂಬೆಹಣ್ಣು. ನಿಮ್ಮ ಹುಡುಗರು ತಮಾಷೆ ಮಾಡಲಿಲ್ಲ. ಅವರಿಗೆ ಗೊತ್ತಿರುವ ಔಷಧ ಹೇಳಿದರು. ನೀವು ಅದಕ್ಕೆ ತಯಾರಿ ಮಾಡಿಕೊಂಡಿರಲಿಲ್ಲ, ಅಷ್ಟೇ.

ಉಣಕಲ್ ದಾಳ

ಹಾಗಾದರೆ ಲಿಂಬೆಹಣ್ಣು ಕೆಲಸ ಮಾಡಲ್ಲ ಅಂತ ಮೊದಲೇ ಹೇಳಿಬಿಡಲಾ?

ಬೆಟಗೇರಿ ಮಗ್ಗ

ಹೇಳಿದರೆ ಇನ್ನೂ ಕೆಡುತ್ತದೆ. "ಇದು ಪರದೇಶದ ದೆವ್ವ, ಕನ್ನಡ ತಿಳಿಯಂಗಿಲ್ಲ" ಅಂತ ಮತ್ತೆ ನಗುತ್ತಾರೆ. ಲಿಂಬೆಹಣ್ಣು ಕೆಲಸ ಮಾಡಲೇಬೇಕು. ಆದರೆ ಮಾಡಿದ ಕೆಲಸ ಸಾಲಬಾರದು.

ನಿವೃತ್ತ ಮಾಸ್ತರ

ನಾನು ಈ ಆಟ ಆಡಿದವನಲ್ಲ. ಮೊಮ್ಮಗ ಈ ಚರ್ಚೆ ತೋರಿಸಿದ. 1924 ಅಂತ ಕಂಡು ಸುಮ್ಮನಿರಲು ಆಗಲಿಲ್ಲ.

ಕಾಡಿನ ಬಂಗಲೆ ಯಾಕೆ ಬೇಕು ನಿಮಗೆ? ಆಗಿನ ಧಾರವಾಡವೇ ಸಾಕಷ್ಟು ವಿಚಿತ್ರವಾಗಿತ್ತು. ಮುಂಬಯಿ ಇಲಾಖೆಯ ಊರು. ಕೋರ್ಟು ಕಚೇರಿಗಳಲ್ಲಿ ಮರಾಠಿಯ ಗತ್ತು, ಇತ್ತ 1890ರಿಂದಲೇ ಕರ್ನಾಟಕ ವಿದ್ಯಾವರ್ಧಕ ಸಂಘ. 1917ರಲ್ಲಿ ಶುರುವಾದ ಕರ್ನಾಟಕ ಕಾಲೇಜು ನಡೆಯುತ್ತಿದ್ದದ್ದು ರೈಲ್ವೆಯವರ ಹಳೆಯ ಕಚೇರಿ ಕಟ್ಟಡದಲ್ಲಿ. 1921ರ ಜುಲೈ 1ರಂದು ಸೆರೆ ಅಂಗಡಿ ಪಿಕೆಟಿಂಗ್ ವೇಳೆ ಪೊಲೀಸರು ಗುಂಡು ಹಾರಿಸಿ ಮೂವರು ಸತ್ತಿದ್ದರು. ಊರಿಗೆ ಆ ಗಾಯ ಇನ್ನೂ ಹಸಿಯಿತ್ತು. ಅದಕ್ಕೂ ಹಿಂದೆ 1898ರಲ್ಲಿ ಹುಬ್ಬಳ್ಳಿಗೆ ಪ್ಲೇಗು ಬಿದ್ದು ಸಾವಿರಾರು ಜನಕ್ಕೆ ಸೂಜಿ ಹಾಕಿದ್ದರು. ನಮ್ಮ ಮುತ್ತಜ್ಜಿ ಇಲಿ ಸತ್ತದ್ದು ಕಂಡರೆ ಸಾಯುವವರೆಗೂ ಮನೆಯಿಂದ ಹೊರಗೆ ಬಂದು ನಿಲ್ಲುತ್ತಿದ್ದಳಂತೆ.

ಇನ್ನೊಂದು ಮಾತು. ಆಗಿನ ಲೆಕ್ಕಪತ್ರ ಎಷ್ಟೋ ಮೋಡಿ ಲಿಪಿಯಲ್ಲಿ ಇರುತ್ತಿದ್ದವು. ಕೈ ಎತ್ತದೆ ಸರಸರ ಬರೆದದ್ದು. ಇಂದು ಓದಬಲ್ಲವರು ಬೆರಳೆಣಿಕೆಯಷ್ಟು. ಐದು ಜನರಲ್ಲಿ ಒಬ್ಬರಿಗೆ ಮಾತ್ರ ಅದು ಓದಲು ಬಂದರೆ ಹೇಗಿರುತ್ತದೆ, ಯೋಚನೆ ಮಾಡಿ.

ಉಣಕಲ್ ದಾಳ

ಸರ್, ನಮಸ್ಕಾರ ನಿಮಗೆ. ಮೋಡಿ ಓದುವ ಗುಮಾಸ್ತ ಅಂತ ಹಾಳೆಯಲ್ಲಿ ಬರೆದಾಯಿತು.

ಬ್ಯಾಡಗಿ ಕಡ್ಡಿ

ಬಾಕಿ, ಲೆಕ್ಕ, ಮೋಡಿ ಅಂತ ಮಾತು ಬಂತಲ್ಲ, ಇದು ನನ್ನ ಕ್ಷೇತ್ರ. ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಈಗ ಎಲ್ಲ ಕಂಪ್ಯೂಟರು. ಆದರೆ ಕೆಂಪು ಬಟ್ಟೆ ಹೊದಿಕೆಯ ಉದ್ದನೆ ಕಿರ್ದಿ ಇನ್ನೂ ಇದೆ, ದೀಪಾವಳಿ ಪಾಡ್ಯಕ್ಕೆ ಪೂಜೆ ಮಾಡಿ ಹೊಸದು ತೆರೆಯುತ್ತೇವೆ.

ನಿಮ್ಮ ದೆವ್ವ ಮನುಷ್ಯನೇ ಆಗಬೇಕು ಅಂತ ಏನಿದೆ? ಒಂದು ಕಿರ್ದಿಯೇ ಇರಲಿ. ಗದಗಿನ ಒಂದು ಅರಳೆ ಅಂಗಡಿ. ಗುಮಾಸ್ತ ಸತ್ತು ವರ್ಷವಾಗಿದೆ. ಆದರೂ ಬೆಳಗ್ಗೆ ಅಂಗಡಿ ತೆಗೆದಾಗ ಹೊಸ ನಮೂದು ಬಂದಿರುತ್ತದೆ, ಅದೇ ಅಕ್ಷರ. ಯಾರ ಹೆಸರಿನ ಮುಂದೆ "ಚುಕ್ತಾ" ಅಂತ ಬಿದ್ದಿದೆಯೋ ಅವರ ಮನೆಯಿಂದ ಆ ದಿನ ಸಂಜೆಯೊಳಗೆ ಸುದ್ದಿ ಬರುತ್ತದೆ.

ಈಗ ಲಿಂಬೆಹಣ್ಣಿಗೆ ಬನ್ನಿ. ಹುಡುಗರು ಇಳಿಸಿ ಒಗೆಯಲಿ. ತಡೆಯಬೇಡಿ. ಮರುದಿನ ಪುಸ್ತಕದಲ್ಲಿ ಬರೆದಿರಲಿ: ಲಿಂಬೆಹಣ್ಣು 5, ಜಮಾ.

ಬೆಟಗೇರಿ ಮಗ್ಗ

ಯಪ್ಪಾ. ಓದುತ್ತಲೇ ಮೈ ಝುಂ ಅಂತು.

ಚಿಗರಿ ಲಾಸ್ಟ್ ಬಸ್

ಮಾರ್ಚ್ 31 ಹತ್ತಿರ ಬಂದಾಗ ನಮ್ಮ ಆಫೀಸಿನಲ್ಲೂ ಇದೇ ಆಟ.

ಗುಲಗಂಜಿ

ಕಥೆ ಚೆನ್ನಾಗಿದೆ. ನಾನು ಬೇರೆ ಒಂದು ಮಾತು ಹೇಳಬೇಕು, ಸ್ವಲ್ಪ ಕಹಿ.

ನಮ್ಮ ಕಡೆ ಯಾರಾದರೂ ಸ್ವಲ್ಪ ಬೇರೆ ಥರ ಆಡಿದರೆ "ಇವನ್ನ ಧಾರವಾಡಕ್ಕ ಕಳಸಬೇಕು" ಅನ್ನುತ್ತಾರೆ. ಯಾಕೆ ಅಂತ ಎಲ್ಲರಿಗೂ ಗೊತ್ತು, ಅಲ್ಲಿ ಮಾನಸಿಕ ಆಸ್ಪತ್ರೆ ಇದೆ. ನಮ್ಮ ಕಾಕಾ ನಿಜಕ್ಕೂ ಧಾರವಾಡಕ್ಕೆ ಹೋಗಿ, ಎರಡು ತಿಂಗಳಿದ್ದು, ಔಷಧ ತಗೊಂಡು ಗುಣವಾಗಿ ಬಂದರು. ಈಗ ಹೊಲ ಮಾಡುತ್ತಾರೆ, ಮೊಮ್ಮಕ್ಕಳನ್ನು ಶಾಲೆಗೆ ಬಿಡುತ್ತಾರೆ. ಎರಡು ವರ್ಷದ ಹಿಂದೆ ನಾನು ಒಂದು ಟೇಬಲ್ಲಿನಲ್ಲಿ ಈ ಆಟಕ್ಕೆ ಕೂತಿದ್ದೆ. ಒಬ್ಬನ ಸ್ಯಾನಿಟಿ ಇಳಿಯಿತು. ಅವನು ನಾಲಿಗೆ ಹೊರಗೆ ಹಾಕಿ, ಕಣ್ಣು ಮೇಲೆ ಮಾಡಿ, ಹುಚ್ಚನ ನಟನೆ ಶುರು ಮಾಡಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ನೀರು ಕುಡಿಯುವ ನೆಪ ಮಾಡಿ ಎದ್ದು ಬಂದವಳು ಮತ್ತೆ ಹೋಗಲಿಲ್ಲ.

ಇನ್ನೊಂದು. ದೆವ್ವ ಬಿಡಿಸುತ್ತೇವೆ ಅಂತ ಹೆಂಗಸನ್ನು ಹೊಡೆಯುವ ದೃಶ್ಯ ಹಾಕಿ, ಅದರಿಂದ ಗುಣ ಆಯಿತು ಅಂತ ದಯವಿಟ್ಟು ತೋರಿಸಬೇಡಿ. ಅದು ಕಥೆಯಲ್ಲ, ಈಗಲೂ ನಡೆಯುತ್ತದೆ. 2017ರ ಮೌಢ್ಯ ನಿಷೇಧ ಕಾಯ್ದೆ ಬಂದದ್ದೇ ಅಂಥದ್ದಕ್ಕೆ.

ಸಾಧನಕೇರಿ ಮಳೆ

ಗುಲಗಂಜಿ ಅಕ್ಕಾ, ಹೇಳಿದ್ದು ಒಳ್ಳೆಯದಾಯಿತು. ಬಹಳ ಟೇಬಲ್ಲುಗಳಲ್ಲಿ ಈಗ ಆಟಕ್ಕಿಂತ ಮುಂಚೆ ಒಂದು ದಿನ ಕೂತು ಏನು ಬೇಕು, ಏನು ಬೇಡ ಅಂತ ಮಾತಾಡಿಕೊಳ್ಳುತ್ತಾರೆ. ಜಾನ್ ಸ್ಟಾವ್ರೊಪೌಲೋಸ್ ಅನ್ನುವವರ ಎಕ್ಸ್ ಕಾರ್ಡ್ ಇದೆ. ಮೇಜಿನ ಮೇಲೆ ಒಂದು ಚೀಟಿ ಅಷ್ಟೇ. ಯಾರಿಗಾದರೂ ಕಸಿವಿಸಿಯಾದರೆ ಅದನ್ನು ಮುಟ್ಟಬೇಕು. ಆ ಭಾಗ ಅಲ್ಲಿಗೇ ಬಿಟ್ಟು ಮುಂದೆ ಹೋಗೋದು, ಯಾಕೆ ಅಂತ ಯಾರೂ ಕೇಳಬಾರದು.

ಸ್ಯಾನಿಟಿಯ ನಿಯಮ ಅಸಲಿಗೆ ಹುಚ್ಚಿನ ನಟನೆಗೆ ಇರೋದಲ್ಲ. ಏಳನೇ ಆವೃತ್ತಿ ಸರಿಯಾಗಿ ಓದಿ. ಒಂದೇ ಏಟಿಗೆ 5 ಅಥವಾ ಜಾಸ್ತಿ ಹೋದರೆ ಬುದ್ಧಿಯ ಮೇಲೆ ದಾಳ ಹಾಕಬೇಕು. ಗೆದ್ದರೆ ಕೆಟ್ಟದ್ದು! ಯಾಕಂದರೆ ಕಂಡದ್ದು ಏನು ಅಂತ ಅರ್ಥವಾಗಿಬಿಟ್ಟಿತು. ಸೋತರೆ ಮನಸ್ಸು ಅದನ್ನು ಮುಚ್ಚಿಟ್ಟು ನಿಮ್ಮನ್ನು ಉಳಿಸುತ್ತದೆ. ಆ ಲೋಕದ ಗುಟ್ಟು ಎಷ್ಟು ಜಾಸ್ತಿ ಕಲಿತಿರೋ ನಿಮ್ಮ ಸ್ಯಾನಿಟಿಯ ಮಿತಿ 99ರಿಂದ ಅಷ್ಟು ಕೆಳಗೆ ಬರುತ್ತದೆ. ತಿಳಿದವನಿಗೆ ನಿದ್ದೆ ಇಲ್ಲ, ಆ ಲೆಕ್ಕ. ನನಗೆ ಇಡೀ ಆಟದಲ್ಲಿ ತುಂಬಾ ಇಷ್ಟವಾದ ಎರಡು ನಿಯಮ ಇವೇ.

ಗುಲಗಂಜಿ

ಹಾಗಿದ್ದರೆ ಹೆಸರನ್ನೂ ಬದಲಿಸಿ. "ಎದೆ" ಅನ್ನಿ. ಎದೆ ಗಟ್ಟಿ, ಎದೆ ಒಡೆಯಿತು, ಎದೆ ಧಸಕ್ಕೆಂದಿತು, ಎಲ್ಲ ನಮ್ಮ ಮಾತೇ. "ನಿನ್ನ ಎದಿ ಎಷ್ಟ ಉಳದೈತಿ?" ಅಂತ ಕೇಳಬಹುದು.

ಉಣಕಲ್ ದಾಳ

ಇವತ್ತಿನಿಂದ ನಮ್ಮ ಟೇಬಲ್ಲಿನಲ್ಲಿ ಅದು ಎದೆ.

ಲಕ್ಕುಂಡಿ ದಾರಿ

ನನ್ನದೂ ಒಂದು ಮನವಿ. ಕಥೆ ಗದಗಿಗೆ ಬಂದಿದೆ, ಇನ್ನು ಲಕ್ಕುಂಡಿಯ ಮುಸುಕಿನ ಬಾವಿಗೆ ಬರಲು ತಡ ಇಲ್ಲ ಅಂತ ಗೊತ್ತು. 101 ಗುಡಿ, 101 ಬಾವಿ ಅಂತ ಊರವರು ಹೇಳುತ್ತಾರೆ. ಯಾವ ಬಾವಿಯಲ್ಲಿ ಬೇಕಾದರೂ ದೆವ್ವ ಇಡಬಹುದು ಅಂದುಕೊಳ್ಳಬೇಡಿ. ಅದು ನೀರು ಸೇದಲು, ಮೈ ತೊಳೆಯಲು ಕಟ್ಟಿದ ಚಂದದ ಬಾವಿ. ದೆವ್ವದ ಬಾವಿ ಅಂತ ಒಂದು ಸಲ ಹೆಸರು ಬಿದ್ದರೆ ರಾತ್ರಿ ಕ್ಯಾಮೆರಾ ಹಿಡಿದ ಹುಡುಗರು ಬರುತ್ತಾರೆ, ಬಾಟಲಿ ಬಿಟ್ಟು ಹೋಗುತ್ತಾರೆ. ಹುಟ್ಟಿಸಿಕೊಂಡ ಹೆಸರಿನ ಊರು ಬಳಸಿ.

ಉಣಕಲ್ ದಾಳ

ಒಪ್ಪಿದೆ. ಅಂಗಡಿಗೂ ನಿಜವಾದ ಹೆಸರು ಇಡುವುದಿಲ್ಲ. ಇಪ್ಪತ್ತು ದಿನ ಕೊಡಿ.

ಉಣಕಲ್ ದಾಳ

ಇಪ್ಪತ್ತು ದಿನ ಅಂದವನು ಆರು ವಾರ ಮಾಡಿದೆ. ನಿನ್ನೆ ರಾತ್ರಿ ಆಡಿದೆವು.

ದುರ್ಗದಬೈಲ್ ಹತ್ತಿರ ಒಂದು ಅಂಗಡಿಯಲ್ಲಿ ಕೆಂಪು ಹೊದಿಕೆಯ ಕಿರ್ದಿ ಸಿಕ್ಕಿತು. ಮೊದಲ ಪುಟದಲ್ಲಿ ಶ್ರೀ, ಶುಭ ಲಾಭ ಬರೆದು ನಾಲ್ಕೂ ಮೂಲೆಗೆ ಅರಿಷಿಣ ಹಚ್ಚಿದೆ. ಮುಂದಿನ ಹತ್ತು ಪುಟ ಹಳೆಯ ಲೆಕ್ಕ ಬರೆದೆ, ಚಹಾ ನೀರಿನಲ್ಲಿ ಅದ್ದಿ ಒಣಗಿಸಿದೆ. ಮೋಡಿ ನನಗೆ ಬರುವುದಿಲ್ಲ, ಓದಲಾಗದ ಹಾಗೆ ಗೀಚಿದ್ದೇ ಮೋಡಿ. ಗುಮಾಸ್ತನ ಪಾತ್ರದವಳಿಗೆ ಮಾತ್ರ ಅರ್ಥವನ್ನು ಬೇರೆ ಚೀಟಿಯಲ್ಲಿ ಕೊಡುತ್ತಿದ್ದೆ. ದಾಳ ಬಿಟ್ಟು ಸ್ಟೀಲ್ ಡಬ್ಬಿಯ ಚೀಟಿಗಳನ್ನೇ ಇಟ್ಟೆ.

ಶುರುವಿನಲ್ಲಿ ಅದೇ ಹಾಡು. ಕೆಳಗಿನ ಮನೆಯ ಕುಕ್ಕರ್ ಮೂರು ಸೀಟಿ ಹೊಡೆಯಿತು. "ದೆವ್ವದ ಅನ್ನ ಆತು" ಅಂತ ಒಬ್ಬ. ನಾನು ಏನೂ ಅನ್ನಲಿಲ್ಲ. ಮೊದಲ ಸಾವು ಆಯಿತು, ನಿರೀಕ್ಷೆಯಂತೆ ಲಿಂಬೆಹಣ್ಣು ಬಂತು. ಐದು ಜನ, ಐದು ಹಣ್ಣು, ಇಳಿಸಿ ಮೂರು ದಾರಿ ಕೂಡುವಲ್ಲಿ ಒಗೆದು ತಿರುಗಿ ನೋಡದೆ ಬಂದರು. ಬಹಳ ಶಿಸ್ತಾಗಿ ಮಾಡಿದರು. ರಾತ್ರಿ ಏನೂ ಆಗಲಿಲ್ಲ. ಎಲ್ಲರಿಗೂ ಖುಷಿ.

ಬೆಳಗ್ಗೆ ಪುಟ ತಿರುವಿ ಮುಂದೆ ಇಟ್ಟೆ. ಗುಮಾಸ್ತ ಪಾತ್ರದವಳು ಚೀಟಿ ನೋಡಿ ಮೆಲ್ಲಗೆ ಓದಿದಳು: "ಲಿಂಬೆಹಣ್ಣು 5. ಜಮಾ 1 ಆಣೆ 3 ಪೈ. ಬಾಕಿ 40 ರೂಪಾಯಿ 14 ಆಣೆ 9 ಪೈ."

ಯಾರೂ ನಗಲಿಲ್ಲ. ಲಿಂಬೆಹಣ್ಣು ಅಂದವನೇ ಕೇಳಿದ, "ಬಾಕಿ ಯಾರ ಹೆಸರಿನ್ಯಾಗ ಐತಿ?" ಅವಳು ಉತ್ತರ ಕೊಡುವ ಮೊದಲು ಬುದ್ಧಿಯ ಚೀಟಿ ತೆಗೆಯಬೇಕು ಅಂದೆ. ಅವಳ ಎದೆ ಆಗಲೇ 31ಕ್ಕೆ ಬಂದಿತ್ತು. ಡಬ್ಬಿಯೊಳಗೆ ಕೈ ಹಾಕಿದಳು. ಸ್ಟೀಲಿಗೆ ಬಳೆ ತಾಗಿದ ಸದ್ದು, ಚೀಟಿಗಳು ಸರಿದಾಡುವ ಸದ್ದು, ಇನ್ನೇನೂ ಇಲ್ಲ. ಆಮೇಲೆ, "ನನಗ ಗೊತ್ತಾಗೋದು ಬ್ಯಾಡ, ನಾ ಸೋಲಲಿ" ಅಂದಳು. ಅಂದರೆ ನಿಯಮ ಅವಳಿಗೆ ಪೂರ್ತಿ ತಿಳಿದಿತ್ತು. ಬಂದದ್ದು 22. ಗೆದ್ದಳು ಪಾಪ.

ಕೊನೆಯ ಒಂದು ತಾಸು ಅವರೇ ನಡೆಸಿದರು, ನಾನು ಬರೀ ಬರೆದೆ. ಎಡೆ ಇಟ್ಟರು, ಜಮಾ. ಬೆಳ್ಳಿ ಕಡಗ ಕೊಟ್ಟರು, ಜಮಾ. ಪುಸ್ತಕ ಸುಟ್ಟರು. ಮರುದಿನ ಹೊಸ ಪುಸ್ತಕದ ಮೊದಲ ಸಾಲು: ಹಿಂದಿನ ಪುಸ್ತಕದ ಬಾಕಿ ಮುಂದಕ್ಕೆ ತಂದದ್ದು. ಅಲ್ಲಿಗೆ ಡಾಕ್ಟರ್ ಎದ್ದು ಹೋಗಿ ಬಾಗಿಲು ಹಾಕಿಬಂದ. ಪಾತ್ರ ಅಲ್ಲ, ಅವನೇ.

ಎಕ್ಸ್ ಚೀಟಿ ಒಂದು ಸಲ ಮುಟ್ಟಿದರು, ಸತ್ತ ಕೂಸಿನ ವಿಷಯಕ್ಕೆ. ಬಿಟ್ಟು ಮುಂದೆ ಹೋದೆವು, ಆಟಕ್ಕೆ ಏನೂ ಕೊರತೆ ಆಗಲಿಲ್ಲ. ಗುಲಗಂಜಿ ಅವರೇ, ನೀವು ಬರುವುದಾದರೆ ಒಂದು ಕುರ್ಚಿ ಇದೆ.

ಒಂದು ಕಡೆ ಎಡವಿದೆ. ಹಳೆಯ ಗುಮಾಸ್ತ ಹೇಗೆ ಸತ್ತ ಅನ್ನುವ ಸುಳಿವು ಒಂದೇ ಕಾಗದದಲ್ಲಿತ್ತು. ಹುಡುಕುವ ಚೀಟಿ ಮೂರು ಜನಕ್ಕೂ ಸೋತಿತು, ಅರ್ಧ ತಾಸು ಕಥೆ ಅಲ್ಲೇ ನಿಂತಿತು.

ಸಾಧನಕೇರಿ ಮಳೆ

ಅದಕ್ಕೆ ರಾಬಿನ್ ಲಾಸ್ ಅವರ ಗಮ್‌ಶೂ ಪದ್ಧತಿ ಸಾಲ ತಗೊಳ್ಳಿ. ಸರಿಯಾದ ಕೌಶಲ ಇದ್ದವನು ಸರಿಯಾದ ಜಾಗದಲ್ಲಿ ಹುಡುಕಿದರೆ ಮುಖ್ಯ ಸುಳಿವು ಸಿಕ್ಕೇ ಸಿಗುತ್ತದೆ, ದಾಳವೇ ಇಲ್ಲ. ಸಿಕ್ಕ ಸುಳಿವಿನ ಅರ್ಥ ಏನು ಅಂತ ಅವರು ತಲೆ ಕೆಡಿಸಿಕೊಳ್ಳಲಿ.

ನಿವೃತ್ತ ಮಾಸ್ತರ

ಮೊದಲಿನ ಬಾಕಿ 41 ರೂಪಾಯಿ ಅಂತ ಹಿಡಿದರೆ, ಅದರಲ್ಲಿ 1 ಆಣೆ 3 ಪೈ ಕಳೆದರೆ 40–14–9. ಲೆಕ್ಕ ಸರಿಯಿದೆ. ಮೊಮ್ಮಗನಿಗೆ ಆಣೆ ಪೈ ಕಲಿಸಲು ಇಷ್ಟು ವರ್ಷ ಆಗಿರಲಿಲ್ಲ, ಇವತ್ತು ತಾನೇ ಬಂದು ಕೇಳಿದ.

ಬ್ಯಾಡಗಿ ಕಡ್ಡಿ

ಜಮಾ ಎಡಗಡೆ ಬರೆದಿರಾ, ಬಲಗಡೆಯಾ? ಹಳೆಯ ಪದ್ಧತಿಯಲ್ಲಿ ಎಡಕ್ಕೆ ಜಮಾ, ಬಲಕ್ಕೆ ಖರ್ಚು.

ಉಣಕಲ್ ದಾಳ

ಬಲಗಡೆ ಬರೆದೆ. ಅಯ್ಯೋ.

ಬ್ಯಾಡಗಿ ಕಡ್ಡಿ

ಹಾಗಾದರೆ ಬಾಕಿ ತೀರಲಿಲ್ಲ ಸ್ವಾಮಿ, ಏರಿತು. ಮುಂದಿನ ಶನಿವಾರ ಹುಡುಗರಿಗೆ ಹೇಳಿಬಿಡಿ.

ಚಿಗರಿ ಲಾಸ್ಟ್ ಬಸ್

ನನಗೂ ಒಂದು ಜಾಗ ಸಿಗುತ್ತಾ? ಲಿಂಬೆಹಣ್ಣು ನಾನೇ ತರುತ್ತೇನೆ.

ಉಣಕಲ್ ದಾಳ

ಬನ್ನಿ. ಪಾತ್ರಕ್ಕೆ ಪೂರ್ತಿ ಹೆಸರು, ತಂದೆ ಹೆಸರು, ಊರು ಬರೆದು ಕಳಿಸಿ. ಪುಸ್ತಕದಲ್ಲಿ ಏರಿಸಬೇಕು.